ಲಡ್ಲೋ: ಕೋಟೆಯ ಊರು, ಸಂತೆಯ ಊರು

ಇಂಗ್ಲೆಂಡಿಗೆ ಹೋಗಿಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ. ಲಂಡನ್ನಿನ ಗೋಪುರ, ಥೇಮ್ಸ್ ನದಿಯ ಸೇತುವೆ, ಅರಮನೆಯ ಮುಂದೆ ಪಹರೆ ಬದಲಾಗುವ ಸಂಭ್ರಮ. ಬಿಡುವಿದ್ದರೆ ಷೇಕ್ಸ್‌ಪಿಯರನ ಊರು. ಇವೆಲ್ಲ ನೋಡತಕ್ಕವೇ, ಸಂದೇಹವಿಲ್ಲ. ಆದರೆ ನಮ್ಮ ನಾಡನ್ನು ನೋಡಲು ಬಂದವರೊಬ್ಬರು ರಾಜಧಾನಿಯ ದೊಡ್ಡ ಬೀದಿಗಳನ್ನಷ್ಟೇ ಕಂಡು ಹಿಂದಿರುಗಿದರೆ ನಾವು ಏನೆನ್ನುತ್ತೇವೆ? "ಒಂದು ಸಂತೆಯ ಊರಿಗಾದರೂ ಹೋಗಿಬರಬಾರದಿತ್ತೆ?" ಎನ್ನುತ್ತೇವೆ. ಜನ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ಯಾವುದಕ್ಕೆ ಹಣ ಕೊಡುತ್ತಾರೆ, ಯಾವುದಕ್ಕೆ ನಗುತ್ತಾರೆ ಎಂಬುದು ತಿಳಿಯುವುದು ಅಲ್ಲಿ. ಈ ಮಾತು ಇಂಗ್ಲೆಂಡಿಗೂ ಸಲ್ಲುತ್ತದೆ.

ಅಂಥ ಊರುಗಳಲ್ಲಿ ಒಂದು ಲಡ್ಲೋ. ಅಲ್ಲಿ ಕೋಟೆಯುಂಟು, ಸಂತೆಯುಂಟು. ಸುತ್ತಲೂ ನದಿ, ಗುಡ್ಡ, ಹುಲ್ಲುಗಾವಲು ಉಂಟು. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಅದು ಪಟ್ಟಣವೂ ಅಲ್ಲ, ದೊಡ್ಡದೊಂದು ಹೋಬಳಿಯ ಊರು. ಊರನ್ನೆಲ್ಲ ಒಂದೇ ದಿನದಲ್ಲಿ ಕಾಲ್ನಡಿಗೆಯಿಂದ ನೋಡಿ ಮುಗಿಸಬಹುದು. ಆದರೆ ನೋಡಿದ್ದರ ಅರ್ಥ ಮನಸ್ಸಿಗೆ ಹತ್ತಬೇಕಾದರೆ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಹೊರಡುವುದು ಮೇಲು. ಒಂದು ಊರನ್ನು ಬದುಕಿಸುವುದು ಯಾವುದು? ಅದರ ಕೋಟೆಯೋ, ಅದರ ಸಂತೆಯೋ?

ಹೋಗುವುದು ಹೇಗೆ?

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ, ವೇಲ್ಸ್ ಸೀಮೆಗೆ ತಾಗಿಕೊಂಡು, ಶ್ರಾಪ್‌ಷರ್ ಎಂಬ ಜಿಲ್ಲೆಯಿದೆ. ಅದರ ದಕ್ಷಿಣ ಭಾಗದಲ್ಲಿ ಲಡ್ಲೋ. ಶ್ರೂಸ್‌ಬರಿಯಿಂದ ಹೆರೆಫರ್ಡಿಗೆ ಹೋಗುವ ರೈಲು ದಾರಿಯಲ್ಲಿ ಈ ಊರು ಸಿಕ್ಕುತ್ತದೆ. ಇಲ್ಲಿಗೆ ರೈಲು ಬಂದದ್ದು ೧೮೫೨ರಲ್ಲಿ. ಲಂಡನ್ನಿನಿಂದ ಬರುವವರು ನಡುವೆ ಗಾಡಿ ಬದಲಿಸಬೇಕಾಗುತ್ತದೆ. ಪ್ರಯಾಣಕ್ಕೆ ಮೂರು ಗಂಟೆಗೂ ಮೇಲೆ ಹಿಡಿಯುತ್ತದೆ. ನಿಲ್ದಾಣದಲ್ಲಿ ಇಳಿದ ಮೇಲೆ ಬಾಡಿಗೆ ವಾಹನದ ಗೊಡವೆ ಬೇಡ. ಸ್ವಲ್ಪ ಏರುದಾರಿ, ಕೆಲವೇ ನಿಮಿಷದ ನಡಿಗೆ. ನೀವು ಊರಿನ ನಡುವೆ ಇರುತ್ತೀರಿ.

ಯಾವ ದಿನ ಹೋಗುತ್ತೀರಿ ಎಂಬುದು ಮುಖ್ಯ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ: ಇವು ಅಲ್ಲಿನ ಸಂತೆಯ ದಿನಗಳು. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಕಾಲವನ್ನು ಕೇಳಿದರೆ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಒಳ್ಳೆಯದು. ಜೂನ್ ತಿಂಗಳಲ್ಲಂತೂ ರಾತ್ರಿ ಒಂಬತ್ತು ಗಂಟೆಗೂ ಬೆಳಕಿರುತ್ತದೆ. ನಮ್ಮವರಿಗೆ ಊಟದ ಹೊತ್ತಾಯಿತೆಂಬುದೇ ತಿಳಿಯದು. ಬೇಸಗೆಯೆಂದು ನಂಬಿ ಕೊಡೆಯನ್ನು ಮಾತ್ರ ಮರೆಯಬೇಡಿ. ವೇಲ್ಸಿನ ಬೆಟ್ಟಗಳ ಮೇಲಿಂದ ಬರುವ ಮೋಡಕ್ಕೆ ತಿಂಗಳಿನ ಲೆಕ್ಕವಿಲ್ಲ.

ಸಂತೆಯ ಚೌಕ

ಊರಿನ ಅತಿ ಎತ್ತರದ ಭಾಗ ಒಂದು ಬಯಲು ಚೌಕ. ಅದರ ಪಶ್ಚಿಮದ ತುದಿಯಲ್ಲಿ ಕೋಟೆಯ ಬಾಗಿಲು. ಬಾಗಿಲಿನ ಎದುರಿಗೇ ಸಂತೆ. ಬಟ್ಟೆಯ ಚಾವಣಿ ಹಾಕಿದ ಅಂಗಡಿಗಳು ಸಾಲಾಗಿ ನಿಂತಿರುತ್ತವೆ. ಒಂದರಲ್ಲಿ ಗಿಣ್ಣು ಮತ್ತು ಬೆಣ್ಣೆ, ಪಕ್ಕದಲ್ಲಿ ಅಂದೇ ಸುಟ್ಟ ರೊಟ್ಟಿ, ಅದರಾಚೆ ಸೇಬು, ತರಕಾರಿ, ಹೂವಿನ ಸಸಿಗಳು, ಹಳೆಯ ಪುಸ್ತಕಗಳು, ಉಣ್ಣೆಯ ಬಟ್ಟೆಗಳು. ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳಬೇಕಾಗಿಲ್ಲ. ರೊಟ್ಟಿ, ಗಿಣ್ಣು, ಹಣ್ಣುಗಳನ್ನು ಕೊಂಡು ಕೋಟೆಯ ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತರೆ ಮಧ್ಯಾಹ್ನದ ಫಲಾಹಾರ ಆದಂತೆಯೇ. ನಮ್ಮ ಸಂತೆಗೂ ಅಲ್ಲಿನ ಸಂತೆಗೂ ದೊಡ್ಡ ವ್ಯತ್ಯಾಸ ಒಂದುಂಟು: ಚೌಕಾಸಿ ಬಹಳ ಕಡಮೆ. ಹೇಳಿದ ಬೆಲೆ ಕೊಡುತ್ತಾರೆ, ಆಮೇಲೆ ಹವೆಯ ವಿಷಯವಾಗಿ ನಾಲ್ಕು ಮಾತನಾಡುತ್ತಾರೆ.

ಕೋಟೆಯ ಬಾಗಿಲಿನಲ್ಲೇ ಸಂತೆ ಕೂಡಿದ್ದು ಆಕಸ್ಮಿಕವಲ್ಲ. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಗೆದ್ದ ದೇಶವನ್ನು ಹಿಡಿದಿಟ್ಟುಕೊಳ್ಳಲು ಅಲ್ಲಲ್ಲಿ ಕೋಟೆ ಕಟ್ಟಿದರು. ವೇಲ್ಸಿನ ಗಡಿ ಸದಾ ಗಲಭೆಯ ಸೀಮೆ; ಅಲ್ಲಿ ಕೋಟೆಗಳ ಸಾಲೇ ಎದ್ದಿತು. ಟೀಮ್ ನದಿ ತಿರುಗಿ ಹರಿಯುವ ಕಡೆ, ನೀರಿನ ಮೇಲೆ ಕಡಿದಾಗಿ ನಿಂತ ಬಂಡೆಯ ನೆತ್ತಿಯನ್ನು ಲೇಸಿ ಎಂಬ ಮನೆತನದವರು ಆರಿಸಿಕೊಂಡರು. ಹನ್ನೊಂದನೆಯ ಶತಮಾನ ಮುಗಿಯುವ ಹೊತ್ತಿಗೆ ಇಲ್ಲಿ ಕಲ್ಲಿನ ಕೋಟೆ ಏಳತೊಡಗಿತ್ತು.

ಕೋಟೆಯೆಂದ ಮೇಲೆ ಕಾವಲಿನವರು ಬೇಕು. ಕಾವಲಿನವರಿಗೆ ರೊಟ್ಟಿ ಬೇಕು, ಪಾದರಕ್ಷೆ ಬೇಕು, ಕುದುರೆಗೆ ಲಾಳ ಬೇಕು. ಇವನ್ನೆಲ್ಲ ಒದಗಿಸುವವರು ಬಾಗಿಲಿನ ಮುಂದೆ ಬಂದು ನೆಲೆಸಿದರು. ಕೋಟೆ, ಪೇಟೆ ಎಂದು ನಾವು ಜೋಡಿಸಿ ಹೇಳುತ್ತೇವಲ್ಲ, ಇದೂ ಅದೇ ಜೋಡಿ. ಕೋಟೆಯ ಒಡೆಯನಿಗೂ ಇದು ಲಾಭದ ಬಾಬು. ಅವನು ಹಗ್ಗ ಹಿಡಿದು ಅಳೆದಂತೆ ಬೀದಿಗಳನ್ನು ಹಾಕಿಸಿದನು. ಬೀದಿಗೆ ಮುಖಮಾಡಿದ ಕಿರಿದಾದ, ಹಿಂದಕ್ಕೆ ಉದ್ದವಾಗಿ ಚಾಚಿದ ನಿವೇಶನಗಳನ್ನು ಹಂಚಿ ಬಾಡಿಗೆ ಎತ್ತಿದನು. ಸಂತೆಯ ಸುಂಕವೂ ಬಂದಿತು. ಎಂಟುನೂರು ವರ್ಷಗಳ ಹಿಂದೆ ಹಾಕಿದ ಆ ನಿವೇಶನಗಳ ಗೆರೆಯನ್ನು ಇಂದಿನ ಮನೆಗಳ ಅಗಲದಲ್ಲಿ ಇನ್ನೂ ಗುರುತಿಸಬಹುದು.

ಚೌಕದಿಂದ ಪೂರ್ವಕ್ಕೆ ನಡೆದರೆ ದಾರಿ ಇದ್ದಕ್ಕಿದ್ದಂತೆ ಸಂದುಗೊಂದಿಯಾಗುತ್ತದೆ. ಮೊದಲು ಇದೆಲ್ಲವೂ ಒಂದೇ ಅಗಲವಾದ ಸಂತೆಬೀದಿ. ಬೆಳಿಗ್ಗೆ ಹಾಕಿ ಸಂಜೆ ತೆಗೆಯಬೇಕಾದ ಅಂಗಡಿಗಳನ್ನು ವ್ಯಾಪಾರಿಗಳು ತೆಗೆಯದೆ ಬಿಟ್ಟರು. ಚಪ್ಪರಕ್ಕೆ ಗೋಡೆ ಬಂದಿತು, ಗೋಡೆಯ ಮೇಲೆ ಮಹಡಿ ಬಂದಿತು, ಕೊನೆಗೆ ಅಂಗಡಿಗಳ ಸಾಲು ಮನೆಗಳ ಸಾಲಾಯಿತು. ಬೀದಿಯನ್ನು ಒತ್ತಿಕೊಳ್ಳುವ ವಿದ್ಯೆ ನಮ್ಮ ಊರುಗಳದು ಮಾತ್ರವಲ್ಲವೆಂದು ತಿಳಿದು ನಿಮಗೆ ಸಮಾಧಾನವಾದೀತು! ಚೌಕದ ನಡುವೆಯೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಇಟ್ಟಿಗೆಯ ಪುರಭವನವೊಂದು ಇತ್ತು. ಅದನ್ನು ೧೯೮೬ರಲ್ಲಿ ಕೆಡವಿದರು. ಸಂತೆಗೆ ಮತ್ತೆ ಬಯಲು ದೊರಕಿತು.

ಕೋಟೆಯೊಳಗೆ

ಈಗ ಕೋಟೆಯ ಬಾಗಿಲು ದಾಟಿ ಒಳಗೆ ಬನ್ನಿ. ಟಿಕೆಟ್ಟು ಕೊಂಡು ಮುಂದೆ ಹೋದರೆ ಮೊದಲು ಸಿಕ್ಕುವುದು ವಿಶಾಲವಾದ ಹೊರ ಅಂಗಳ. ಈಗ ಅಲ್ಲಿ ಹಸುರು ಹುಲ್ಲು. ಅದರಾಚೆ ಬಂಡೆಯನ್ನು ಕಡಿದು ಮಾಡಿದ ಒಣ ಕಂದಕ. ಸೇತುವೆಯ ಮೇಲೆ ಅದನ್ನು ದಾಟಿದರೆ ಒಳ ಅಂಗಳ. ಸುತ್ತಲೂ ಛಾವಣಿಯಿಲ್ಲದ ಗೋಡೆಗಳು; ಗೋಡೆಯ ನಡುವೆ ಗಾಳಿಯಲ್ಲಿ ತೂಗುವಂತೆ ಕಾಣುವ ಒಲೆಗೂಡುಗಳು. ಅವುಗಳ ಕೆಳಗೆ ಒಂದು ಕಾಲಕ್ಕೆ ಮರದ ನೆಲಹಾಸಿತ್ತು, ಜನರು ಬೆಂಕಿ ಕಾಯಿಸುತ್ತಿದ್ದರು ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು. ಅಂಗಳದ ನಡುವೆ ಗುಂಡಾದ ಗುಡಿಯೊಂದು ನಿಂತಿದೆ. ಹನ್ನೆರಡನೆಯ ಶತಮಾನದ ಈ ಪ್ರಾರ್ಥನಾ ಮಂದಿರದ ವರ್ತುಲ ಆಕಾರ ಇಂಗ್ಲೆಂಡಿನಲ್ಲಿ ಅಪರೂಪ. ಅದರ ಬಾಗಿಲಿನ ಕಮಾನಿನ ಮೇಲಿನ ಕೆತ್ತನೆಯನ್ನು ಒಂದು ನಿಮಿಷ ನಿಂತು ನೋಡಿ.

ಲೇಸಿ ಮನೆತನದಿಂದ ಈ ಕೋಟೆ ಕಾಲಕ್ರಮದಲ್ಲಿ ಮಾರ್ಟಿಮರ್ ಮನೆತನಕ್ಕೂ, ಅವರಿಂದ ಯಾರ್ಕ್ ವಂಶಕ್ಕೂ ಬಂದಿತು. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಪಕ್ಷಗಳು ಹೊಡೆದಾಡುತ್ತಿದ್ದ ಕಾಲ. ೧೪೫೯ರ ಅಕ್ಟೋಬರಿನಲ್ಲಿ ಊರ ಹೊರಗಿನ ಲಡ್‌ಫರ್ಡ್ ಸೇತುವೆಯ ಬಳಿ ಎರಡು ಸೈನ್ಯಗಳೂ ಎದುರಾದವು. ರಾತ್ರಿ ಬೆಳಗಾಗುವುದರೊಳಗೆ ಯಾರ್ಕ್ ಪಕ್ಷದ ನಾಯಕರು ಕತ್ತಲೆಯಲ್ಲಿ ಪಲಾಯನ ಮಾಡಿದ್ದರು. ಸಿಟ್ಟೆಲ್ಲ ಊರಿನ ಮೇಲೆ ಹರಿಯಿತು. ಗೆದ್ದ ಸೈನಿಕರು ಲಡ್ಲೋವನ್ನು ಸೂರೆಮಾಡಿದರು. ದೊರೆಗಳ ಜಗಳಕ್ಕೆ ದಂಡ ತೆತ್ತವರು ಅಂಗಡಿಯವರು. ಆದರೆ ಮುಂದೆ ಯಾರ್ಕ್ ಪಕ್ಷವೇ ಗೆದ್ದು, ನಾಲ್ಕನೆಯ ಎಡ್ವರ್ಡ್ ದೊರೆಯಾದಾಗ ಅವನು ಈ ಊರನ್ನು ಮರೆಯಲಿಲ್ಲ. ತಮ್ಮ ಊರಿನ ಆಡಳಿತವನ್ನು ತಾವೇ ನಡೆಸಿಕೊಳ್ಳುವ ಸನ್ನದನ್ನು ೧೪೬೧ರಲ್ಲಿ ಇಲ್ಲಿನ ಜನರಿಗೆ ಕೊಟ್ಟನು.

ಅದೇ ದೊರೆ ತನ್ನ ಎಳೆಯ ಮಗನನ್ನು ಬೆಳೆಯಲೆಂದು ೧೪೭೩ರಲ್ಲಿ ಈ ಕೋಟೆಗೆ ಕಳುಹಿಸಿದನು. ೧೪೮೩ರಲ್ಲಿ ತಂದೆ ತೀರಿಕೊಂಡ ಸುದ್ದಿ ಹುಡುಗನಿಗೆ ತಲಪಿದ್ದು ಇಲ್ಲಿಯೇ. ಐದನೆಯ ಎಡ್ವರ್ಡ್ ಎಂಬ ಹೆಸರಿನಿಂದ ಪಟ್ಟವೇರಬೇಕಾದ ಆ ಹನ್ನೆರಡರ ಬಾಲಕ ಲಂಡನ್ನಿಗೆ ಹೊರಟನು. ಪಟ್ಟಾಭಿಷೇಕ ನಡೆಯಲಿಲ್ಲ. ಅವನೂ ಅವನ ತಮ್ಮನೂ ಲಂಡನ್ ಗೋಪುರದೊಳಗೆ ಸೇರಿದವರು ಮತ್ತೆ ಹೊರಗೆ ಕಾಣಲಿಲ್ಲ.

ಇನ್ನೊಬ್ಬ ರಾಜಕುಮಾರನ ಕಥೆ ಇದಕ್ಕಿಂತ ದೂರ ಹೋಗುತ್ತದೆ. ಏಳನೆಯ ಹೆನ್ರಿಯ ಹಿರಿಯ ಮಗ ಆರ್ಥರ್ ೧೫೦೧ರಲ್ಲಿ ಸ್ಪೇನ್ ದೇಶದ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾಗಿ, ಹೆಂಡತಿಯೊಡನೆ ಇಲ್ಲಿಗೆ ಬಂದನು. ವಯಸ್ಸು ಹದಿನೈದು. ೧೫೦೨ನೆಯ ಏಪ್ರಿಲ್ ೨ರಂದು ಕಾಯಿಲೆಯಿಂದ ಇದೇ ಕೋಟೆಯಲ್ಲಿ ತೀರಿಕೊಂಡನು. ವಿಧವೆಯಾದ ಕ್ಯಾಥರೀನಳನ್ನು ಆರ್ಥರನ ತಮ್ಮ ಎಂಟನೆಯ ಹೆನ್ರಿ ೧೫೦೯ರಲ್ಲಿ ವರಿಸಿದನು. ಆ ಮದುವೆಯನ್ನು ರದ್ದುಮಾಡಿಸಬೇಕೆಂದು ಅವನು ಮುಂದೆ ಹಟ ಹಿಡಿದದ್ದು, ಪೋಪರು ಒಪ್ಪದಿದ್ದದ್ದು, ಇಂಗ್ಲೆಂಡಿನ ಚರ್ಚು ರೋಮಿನಿಂದ ಬೇರೆಯಾದದ್ದು, ಇವೆಲ್ಲ ಇತಿಹಾಸದ ದೊಡ್ಡ ಸಂಗತಿಗಳು. ಈ ಅಂಗಳದ ಮೂಲೆಯ ಕೋಣೆಯೊಂದರಲ್ಲಿ ಒಬ್ಬ ಹುಡುಗ ಬದುಕಿ ಉಳಿದಿದ್ದರೆ ಅವುಗಳ ದಾರಿ ಬೇರೆಯಾಗುತ್ತಿತ್ತೇನೋ!

ಕತ್ತಿಯ ಕಾಲ ಮುಗಿದ ಮೇಲೆ ಲಡ್ಲೋ ಕಚೇರಿಯ ಊರಾಯಿತು. ವೇಲ್ಸ್ ಮತ್ತು ಗಡಿ ಸೀಮೆಯ ಆಡಳಿತ ನಡೆಸುತ್ತಿದ್ದ ಮಂಡಲಿಯ ನೆಲೆ ಈ ಕೋಟೆ. ವ್ಯಾಜ್ಯದವರು, ವಕೀಲರು, ಗುಮಾಸ್ತರು ದಂಡುಗಟ್ಟಿ ಬಂದರು. ಛತ್ರದವರಿಗೂ ದರ್ಜಿಗಳಿಗೂ ಸುಗ್ಗಿಯಾಯಿತು. ಆ ಮಂಡಲಿಯ ಅಧ್ಯಕ್ಷನ ಗೌರವಾರ್ಥವಾಗಿ ೧೬೩೪ನೆಯ ಸೆಪ್ಟೆಂಬರ್ ೨೯ರ ರಾತ್ರಿ ಇಲ್ಲಿನ ದೊಡ್ಡ ಸಭಾಂಗಣದಲ್ಲಿ ಒಂದು ನಾಟಕವಾಯಿತು. ಅಧ್ಯಕ್ಷನ ಮಗಳು ಮತ್ತು ಇಬ್ಬರು ಗಂಡುಮಕ್ಕಳೇ ಪಾತ್ರಧಾರಿಗಳು. ಕಾಡಿನಲ್ಲಿ ದಾರಿತಪ್ಪಿದ ಕನ್ಯೆಯೊಬ್ಬಳು ಮಾಯಾವಿಯ ಆಮಿಷಕ್ಕೆ ಬೀಳದೆ ಪಾರಾಗುವ ಕಥೆ. ಬರೆದವನಿಗೆ ಆಗ ಇಪ್ಪತ್ತೈದು ವರ್ಷ. ಹೆಸರು ಜಾನ್ ಮಿಲ್ಟನ್. ಮುಂದೆ "ಕೋಮಸ್" ಎಂದು ಹೆಸರಾದ ಕೃತಿ ಅದು. ಈಗ ಆ ಸಭಾಂಗಣಕ್ಕೆ ಆಕಾಶವೇ ಛಾವಣಿ.

ಛಾವಣಿ ಹೋದದ್ದು ಯುದ್ಧದಿಂದಲ್ಲ. ಅಂತರ್ಯುದ್ಧದಲ್ಲಿ, ೧೬೪೬ರಲ್ಲಿ, ಕೋಟೆ ಪಾರ್ಲಿಮೆಂಟಿನ ಪಕ್ಷಕ್ಕೆ ಶರಣಾಯಿತು, ಆದರೂ ಉಳಿದುಕೊಂಡಿತು. ೧೬೮೯ರಲ್ಲಿ ಮಂಡಲಿಯನ್ನೇ ರದ್ದುಮಾಡಿದರು. ಕಚೇರಿ ಎದ್ದುಹೋದ ಕಟ್ಟಡದ ಗತಿ ನಮಗೆ ಗೊತ್ತಿಲ್ಲವೆ? ಮೇಲ್ಛಾವಣಿಯ ಸೀಸದ ತಗಡುಗಳನ್ನು ಕಿತ್ತರು. ಮಳೆ ಒಳಗಿಳಿಯಿತು, ತೊಲೆಗಳು ಕೊಳೆತವು. ಫಿರಂಗಿ ಮಾಡಲಾರದ ಕೆಲಸವನ್ನು ಅಲಕ್ಷ್ಯ ಮಾಡಿ ಮುಗಿಸಿತು.

ಶ್ರೀರಂಗಪಟ್ಟಣದ ನೆನಪು

ಇಲ್ಲಿಂದ ಮುಂದಿನ ಕಥೆ ಕನ್ನಡಿಗರಿಗೆ ಸ್ವಲ್ಪ ಹತ್ತಿರದ್ದು. ಪಾಳುಬಿದ್ದ ಕೋಟೆಯನ್ನು ಅದರ ಯಜಮಾನನಾದ ಸರಕಾರದಿಂದ ೧೭೭೧ರ ಸುಮಾರಿಗೆ ಪೋವಿಸ್ ಎಂಬ ಶ್ರೀಮಂತ ಮನೆತನ ಗೇಣಿಗೆ ಪಡೆಯಿತು. ಗೋಡೆಯ ಸುತ್ತ ಮರ ನೆಟ್ಟು, ಜನರು ಅಡ್ಡಾಡಲು ಕಾಲುದಾರಿಗಳನ್ನು ಮಾಡಿಸಿದವರು ಅವರೇ. ಆ ದಾರಿಗಳಲ್ಲಿ ನೀವು ಇಂದಿಗೂ ನಡೆಯಬಹುದು. ಆ ಮನೆತನದ ಮಗಳು ಹೆನ್ರಿಯೆಟ್ಟಾ. ಅವಳನ್ನು ಮದುವೆಯಾದವನು ಎಡ್ವರ್ಡ್ ಕ್ಲೈವ್. ಪ್ಲಾಸಿಯ ರಾಬರ್ಟ್ ಕ್ಲೈವನ ಹಿರಿಯ ಮಗ.

ಈ ಎಡ್ವರ್ಡ್ ಕ್ಲೈವ್ ೧೭೯೮ರಿಂದ ೧೮೦೩ರವರೆಗೆ ಮದರಾಸಿನ ಗವರ್ನರ್ ಆಗಿದ್ದನು. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು, ಟೀಪು ಸುಲ್ತಾನ್ ಮಡಿದದ್ದು ಅವನ ಅಧಿಕಾರದ ಕಾಲದಲ್ಲಿ. ಮರುವರ್ಷ ಹೆನ್ರಿಯೆಟ್ಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ಹೊರಟು ಬೆಂಗಳೂರನ್ನೂ ಶ್ರೀರಂಗಪಟ್ಟಣವನ್ನೂ ನೋಡಿದಳು. ಆ ಪ್ರಯಾಣದಲ್ಲಿ ಅವಳು ಬರೆದ ದಿನಚರಿ, ಕಾಗದಗಳು ಉಳಿದುಬಂದಿವೆ. ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಎಡ್ವರ್ಡನಿಗೆ ಪೋವಿಸ್ ಅರ್ಲ್ ಎಂಬ ಪದವಿ ದೊರೆಯಿತು. ೧೮೧೧ರಲ್ಲಿ ಅವನು ಲಡ್ಲೋ ಕೋಟೆಯನ್ನು ೧,೫೬೦ ಪೌಂಡಿಗೆ ಕೊಂಡನು. ಇಂದಿಗೂ ಅದು ಆ ಮನೆತನದ ಸ್ವತ್ತಾಗಿಯೇ ಇದೆ.

ಶ್ರೀರಂಗಪಟ್ಟಣದಿಂದ ಹೋದ ವಸ್ತುಗಳನ್ನು ನೋಡಬೇಕೆಂದರೆ ಲಡ್ಲೋದಲ್ಲಿ ಅಲ್ಲ, ವೇಲ್ಸಿನ ಗಡಿಯೊಳಗೆ ವೆಲ್ಷ್‌ಪೂಲ್ ಎಂಬ ಮತ್ತೊಂದು ಸಂತೆಯೂರಿನ ಬಳಿಯಿರುವ ಪೋವಿಸ್ ಕೋಟೆಯಲ್ಲಿ ನೋಡಬೇಕು. ಹೂಬಳ್ಳಿಗಳ ಚಿತ್ತಾರವುಳ್ಳ ಟೀಪುವಿನ ಹತ್ತಿಬಟ್ಟೆಯ ಡೇರೆ ಅಲ್ಲಿದೆ. ಅವನ ಸಿಂಹಾಸನವನ್ನು ಅಲಂಕರಿಸಿದ್ದ ಚಿನ್ನದ ಹುಲಿಯ ತಲೆಗಳಲ್ಲಿ ಒಂದು ಅಲ್ಲಿದೆ. ನಮ್ಮ ನೆಲದ ನೇಯ್ಗೆ, ನಮ್ಮ ನೆಲದ ಕುಸುರಿ ಕೆಲಸ, ಅಷ್ಟು ದೂರದ ತಣ್ಣನೆಯ ಕೋಣೆಯಲ್ಲಿ ಗಾಜಿನ ಹಿಂದೆ ಕುಳಿತಿದೆ. ಕೈಕೊಂಡವರ ಜತನವನ್ನು ಮೆಚ್ಚಬೇಕೋ, ಕಳೆದುಕೊಂಡದ್ದಕ್ಕೆ ಮರುಗಬೇಕೋ ಎಂದು ನೋಡುವ ಕನ್ನಡಿಗನಿಗೆ ತೋಚದು. ಎರಡೂ ಭಾವನೆಗಳು ಒಟ್ಟಿಗೇ ಬಂದರೆ ತಪ್ಪೇನೂ ಇಲ್ಲ. ಲಡ್ಲೋದ ಕೋಟೆಗೋಡೆಯ ಮೇಲೆ ನಿಂತಾಗ ಇಷ್ಟನ್ನು ನೆನೆದರೆ ಸಾಕು: ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಗವರ್ನರ್ ಆಗಿದ್ದವನೇ, ತನ್ನ ನಾಡಿನ ಈ ಬಿದ್ದ ಕೋಟೆಗೆ ಒಡೆಯನಾದನು.

ಬೀದಿಗಳು, ಗಂಟೆಯ ಗೋಪುರ

ಕೋಟೆ ಪಾಳಾಯಿತು, ಕಚೇರಿ ಹೋಯಿತು. ಊರೂ ಅದರ ಹಿಂದೆಯೇ ಹೋಗಬೇಕಿತ್ತು. ಹೋಗಲಿಲ್ಲ. ಏಕೆಂಬುದಕ್ಕೆ ಉತ್ತರ ಬೀದಿಗಳಲ್ಲಿದೆ.

ಸಂತೆಯ ಚೌಕದಿಂದ ನಾಲ್ಕು ಹೆಜ್ಜೆ ನಡೆದರೆ "ಬಟರ್ ಕ್ರಾಸ್" ಎಂಬ ಕಟ್ಟಡ ಸಿಕ್ಕುತ್ತದೆ. ಹೆಸರೇ ಹೇಳುವಂತೆ ಅದು ಬೆಣ್ಣೆಯ ಕಟ್ಟೆ. ೧೭೪೦ರ ದಶಕದಲ್ಲಿ ಕಟ್ಟಿದ್ದು. ಕೆಳಗಿನ ಕಂಬಗಳ ನೆರಳಿನಲ್ಲಿ ಹಳ್ಳಿಯ ಹೆಂಗಸರು ಬೆಣ್ಣೆ ಮಾರುತ್ತಿದ್ದರು. ಅಲ್ಲಿಂದ ಕೆಳಕ್ಕೆ, ನದಿಯ ಕಡೆಗೆ, ಬ್ರಾಡ್ ಸ್ಟ್ರೀಟ್ ಎಂಬ ಬೀದಿ ಇಳಿಯುತ್ತದೆ. ಇಕ್ಕೆಲಗಳಲ್ಲೂ ಇಟ್ಟಿಗೆಯ ಹದಿನೆಂಟನೆಯ ಶತಮಾನದ ಮನೆಗಳು, ನಡುನಡುವೆ ಮರದ ಚೌಕಟ್ಟಿನ ಇನ್ನೂ ಹಳೆಯ ಮನೆಗಳು. ಬೀದಿಯ ತುದಿಯಲ್ಲಿ ಊರಿನ ಹಳೆಯ ಹೆಬ್ಬಾಗಿಲು. ಊರಗೋಡೆಗಿದ್ದ ಬಾಗಿಲುಗಳಲ್ಲಿ ಉಳಿದ ಮಧ್ಯಯುಗದ ಬಾಗಿಲು ಇದೊಂದೇ. ಅದರ ನೆತ್ತಿಯ ಮೇಲೆ ಯಾರೋ ಮನೆ ಕಟ್ಟಿಕೊಂಡಿದ್ದಾರೆ. ಗಾಡಿಗಳು ಅದರ ಕಮಾನಿನಡಿಯಲ್ಲೇ ಈಗಲೂ ನುಸುಳಿ ಹೋಗುತ್ತವೆ.

ನಿಲ್ದಾಣದ ಕಡೆಯ ಬೀದಿಯಲ್ಲಿ "ಫೆದರ್ಸ್" ಎಂಬ ಮನೆಯಿದೆ. ಅದರ ಮುಂಭಾಗ ೧೬೧೯ರದು. ಕಪ್ಪು ಮರ, ಬಿಳಿಯ ಗಾರೆ. ಮರದ ಒಂದು ತುಂಡನ್ನೂ ಕೆತ್ತದೆ ಬಿಟ್ಟಿಲ್ಲ. ಕಟ್ಟಿಸಿದವನು ವಕೀಲ. ಮಂಡಲಿಯ ಕಚೇರಿಯಿಂದ ಊರಿಗೆ ಹರಿದ ಹಣ ಎಷ್ಟೆಂಬುದನ್ನು ಆ ಮನೆ ಸಾರಿ ಹೇಳುತ್ತದೆ. ಮುಂದೆ ಅದು ಪ್ರಯಾಣಿಕರ ತಂಗುಮನೆಯಾಯಿತು. ಇಷ್ಟು ಸಣ್ಣ ಊರಿನಲ್ಲಿ ಸರಕಾರದ ಪಟ್ಟಿಗೆ ಸೇರಿ ರಕ್ಷಣೆ ಪಡೆದ ಕಟ್ಟಡಗಳೇ ಸುಮಾರು ಐನೂರು.

ಆದರೆ ಊರಿನ ಹಣದ ಮೂಲ ಕಚೇರಿಯಲ್ಲ, ಕುರಿ. ಸುತ್ತಲಿನ ಗುಡ್ಡಗಳ ಕುರಿಗಳ ಉಣ್ಣೆ ಇಲ್ಲಿಗೆ ಬರುತ್ತಿತ್ತು; ಇಲ್ಲಿಂದ ಸಮುದ್ರ ದಾಟುತ್ತಿತ್ತು. ಟೀಮ್ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳ ನೀರು ಬಟ್ಟೆ ತುಳಿಯುವ ಗಿರಣಿಗಳನ್ನು ತಿರುಗಿಸುತ್ತಿತ್ತು. ಆ ಹಣ ಏನು ಮಾಡಿತೆಂದು ತಿಳಿಯಲು ಸೇಂಟ್ ಲಾರೆನ್ಸ್ ಚರ್ಚಿಗೆ ಹೋಗಿ. ಗೋಪುರದ ಎತ್ತರ ಸುಮಾರು ೧೩೫ ಅಡಿ. ಹತ್ತಿ ನೋಡಲು ಅವಕಾಶವುಂಟು. ಜೆರೂಸಲೇಮಿಗೆ ಹೋಗಿ ಬಂದ ಯಾತ್ರಿಕರ ಹೆಸರಿನಲ್ಲಿ ಊರಿನ ವರ್ತಕರು ಕಟ್ಟಿಕೊಂಡಿದ್ದ ಸಂಘವೊಂದು ಈ ಚರ್ಚನ್ನು ಬೆಳೆಸಿತು. ಆ ಸಂಘಕ್ಕೆ ೧೨೮೪ರಲ್ಲೇ ರಾಜಮುದ್ರೆ ಬಿದ್ದಿತ್ತು. ಅಂಗಡಿ ಮನೆಗಳ ಬಾಡಿಗೆಯಿಂದ ಅದು ಪಾದ್ರಿಗಳನ್ನು ಸಾಕಿತು, ಶಾಲೆ ನಡೆಸಿತು.

ಒಳಗೆ ಗಾಯಕರು ಕೂಡುವ ಭಾಗದಲ್ಲಿ ಮಡಿಸುವ ಮರದ ಪೀಠಗಳಿವೆ. ಬಹಳ ಹೊತ್ತು ನಿಂತು ಪ್ರಾರ್ಥಿಸಬೇಕಾದವರು, ಪೀಠವನ್ನು ಮೇಲಕ್ಕೆ ಮಡಿಸಿ, ಅದರ ಅಡಿಯ ಅಂಚಿಗೆ ಒರಗಿ ಸುಧಾರಿಸಿಕೊಳ್ಳಲೆಂದು ಮಾಡಿದವು. ಆ ಅಂಚುಗಳ ಕೆಳಗೆ ಹದಿನೈದನೆಯ ಶತಮಾನದ ಬಡಗಿಗಳು ತಮ್ಮ ಮನಬಂದುದನ್ನು ಕೆತ್ತಿದ್ದಾರೆ. ಅಂಥ ಇಪ್ಪತ್ತೆಂಟು ಪೀಠಗಳಲ್ಲಿ ಒಂದನ್ನು ಹುಡುಕಿ ನೋಡದೆ ಬರಬೇಡಿ. ಅಳತೆಯಲ್ಲಿ ಮೋಸ ಮಾಡಿ ಮದ್ಯ ಮಾರಿದವಳೊಬ್ಬಳನ್ನು ಪಿಶಾಚಿ ಹೆಗಲ ಮೇಲೆ ಹೊತ್ತು ನರಕಕ್ಕೆ ಒಯ್ಯುತ್ತಿದೆ. ಅವಳ ಕೈಯಲ್ಲಿ ಇನ್ನೂ ಆ ಪಾತ್ರೆಯೇ ಇದೆ. ಪಕ್ಕದಲ್ಲೊಂದು ಪಿಶಾಚಿ ಪಾಪದ ಪಟ್ಟಿಯನ್ನು ಓದುತ್ತಿದೆ. ಕೊಲೆಗಾರನಲ್ಲ, ರಾಜದ್ರೋಹಿಯಲ್ಲ, ತಪ್ಪು ಅಳತೆಯವಳು! ಸಂತೆಯ ಊರಿಗೆ ದೊಡ್ಡ ಪಾಪ ಯಾವುದೆಂಬುದು ಆ ಬಡಗಿಗೆ ಚೆನ್ನಾಗಿ ಗೊತ್ತಿತ್ತು. ಅಳತೆಯ ಮೇಲೆ ನಂಬಿಕೆ ಹೋದರೆ ಸಂತೆ ಹೋಗುತ್ತದೆ. ಸಂತೆ ಹೋದರೆ ಊರು ಹೋಗುತ್ತದೆ.

ಈ ಚರ್ಚಿನ ಉತ್ತರದ ಗೋಡೆಯ ಹೊರಗೆ ಎ. ಇ. ಹೌಸ್‌ಮನ್ ಕವಿಯ ಚಿತಾಭಸ್ಮವಿದೆ. "ಶ್ರಾಪ್‌ಷರಿನ ಹುಡುಗ" ಎಂಬ ಅರ್ಥದ ಹೆಸರಿನ ಕವನಸಂಗ್ರಹವನ್ನು ೧೮೯೬ರಲ್ಲಿ ಪ್ರಕಟಿಸಿ ಈ ಸೀಮೆಯನ್ನು ಇಂಗ್ಲಿಷ್ ಓದುವವರಿಗೆಲ್ಲ ಪರಿಚಯ ಮಾಡಿಕೊಟ್ಟವನು ಅವನು. ೧೯೩೬ರಲ್ಲಿ ತೀರಿಕೊಂಡನು. ಹುಟ್ಟಿದ್ದು ನೆರೆಯ ಜಿಲ್ಲೆಯಲ್ಲಿ. ಮಣ್ಣು ಸೇರಿದ್ದು ಇಲ್ಲಿ.

ಊರ ಹೊರಗೆ

ಮಧ್ಯಾಹ್ನದ ಮೇಲೆ ಕೋಟೆಯ ಕೆಳಗಿನ ಇಳಿಜಾರಿನಲ್ಲಿ ಇಳಿದು ಡಿನಂ ಸೇತುವೆ ದಾಟಿ. ಎದುರಿನ ದಂಡೆಯ ಗುಡ್ಡವೇ ವಿಟ್‌ಕ್ಲಿಫ್. ಅದು ಊರಿನವರೆಲ್ಲರ ಗೋಮಾಳವಾಗಿದ್ದ ಜಾಗ. ಏರಲು ಕಾಲು ಗಂಟೆ ಸಾಕು. ಅಲ್ಲಿಂದ ಹಿಂದಿರುಗಿ ನೋಡಿದರೆ ಲಡ್ಲೋ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ: ಕೆಳಗೆ ಒಡ್ಡಿನ ಮೇಲೆ ನೊರೆಯೊಡೆಯುವ ನದಿ, ಮೇಲೆ ಕೋಟೆ, ಅದರ ಪಕ್ಕದಲ್ಲಿ ಚರ್ಚಿನ ಗೋಪುರ, ಹಿಂದೆ ದೂರದಲ್ಲಿ ಕ್ಲೀ ಗುಡ್ಡಗಳು. ಅವುಗಳಲ್ಲಿ ಟಿಟರ್‌ಸ್ಟೋನ್ ಎಂಬುದು ಸುಮಾರು ೧,೭೫೦ ಅಡಿ ಎತ್ತರ. ಊರಿನ ಚಿತ್ರ ತೆಗೆಯುವವರು ಈ ಜಾಗಕ್ಕೇ ಬರುತ್ತಾರೆ.

ಕಾಲ ಕೆಳಗಿನ ಕಲ್ಲನ್ನೂ ಒಮ್ಮೆ ನೋಡಿ. ಪದರ ಪದರವಾದ ಈ ಬೂದು ಕಲ್ಲು ಸುಮಾರು ೪೨ ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದ ಕೆಸರಾಗಿತ್ತು. ಆಗ ಈ ನೆಲ ಇದ್ದದ್ದು ಭೂಮಧ್ಯರೇಖೆಯ ದಕ್ಷಿಣಕ್ಕೆ! ಚಿಪ್ಪುಗಳ ಅಚ್ಚು ಇನ್ನೂ ಕಲ್ಲಿನಲ್ಲಿ ಕಾಣುತ್ತದೆ. ಕಳೆದ ಶತಮಾನಕ್ಕೂ ಹಿಂದೆ, ೧೮೩೦ರ ದಶಕದಲ್ಲಿ, ಮರ್ಚಿಸನ್ ಎಂಬ ಭೂವಿಜ್ಞಾನಿ ಇಲ್ಲಿನ ಬಂಡೆಗಳನ್ನು ಶೋಧಿಸಿದನು. ಭೂಮಿಯ ಚರಿತ್ರೆಯ ಒಂದು ಯುಗಕ್ಕೆ ಜಗತ್ತಿನ ವಿಜ್ಞಾನಿಗಳೆಲ್ಲ ಇಂದು "ಲಡ್ಲೋ" ಎಂದೇ ಹೆಸರು ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಭೂವಿಜ್ಞಾನ ಓದುವ ಮಕ್ಕಳಿದ್ದರೆ ಅವರ ಪಠ್ಯಪುಸ್ತಕದಲ್ಲಿ ಈ ಹೆಸರನ್ನು ಹುಡುಕಲು ಹೇಳಿ. ಕೋಟೆಯ ಗೋಡೆಯೂ ಇದೇ ನೆಲದ ಕಲ್ಲು.

ಇನ್ನೊಂದು ದಿನ ಬಿಡುವಿದ್ದರೆ ಸ್ಟೋಕ್‌ಸೇಗೆ ಹೋಗಿಬನ್ನಿ. ಉತ್ತರಕ್ಕೆ ಹೋಗುವ ರೈಲಿನಲ್ಲಿ ಮುಂದಿನ ನಿಲ್ದಾಣವೇ ಕ್ರೇವನ್ ಆರ್ಮ್ಸ್. ಅಲ್ಲಿಂದ ಹೊಲಗಳ ನಡುವೆ ಒಂದು ಮೈಲಿಯ ನಡಿಗೆ. ದೂರದಿಂದ ನೋಡಿದರೆ ಪುಟ್ಟ ಕೋಟೆ. ಹತ್ತಿರ ಹೋದರೆ ಮನೆ. ಕಟ್ಟಿಸಿದವನು ದೊರೆಯಲ್ಲ, ಸರದಾರನಲ್ಲ. ಲಡ್ಲೋದ ಲಾರೆನ್ಸ್ ಎಂಬ ಉಣ್ಣೆಯ ವ್ಯಾಪಾರಿ. ತನ್ನ ಮನೆಗೆ ಕೋಟೆಯ ತೆನೆಗಳನ್ನು ಕಟ್ಟಿಕೊಳ್ಳಲು ೧೨೯೧ರಲ್ಲಿ ರಾಜನಿಂದ ಅಪ್ಪಣೆ ಪಡೆದನು. ಆದರೆ ಶತ್ರುವಿಗೆ ಹೆದರುವವನು ಸಭಾಂಗಣಕ್ಕೆ ಅಷ್ಟು ದೊಡ್ಡ ಕಿಟಕಿಗಳನ್ನು ಇಡಿಸುತ್ತಿರಲಿಲ್ಲ. ಬೆಳಕು ಬೇಕು, ಘನತೆಯೂ ಬೇಕು, ಅಷ್ಟೇ. ಏಳುನೂರು ವರ್ಷಗಳ ಹಿಂದಿನ ಆ ಸಭಾಂಗಣದ ಮರದ ಛಾವಣಿಯ ಕೆಳಗೆ ನೀವು ಇಂದೂ ನಿಲ್ಲಬಹುದು. ಲಾರೆನ್ಸನಿಗೆ ಮಾತ್ರ ಆ ಸುಖ ಬಹಳ ದಿನ ಉಳಿಯಲಿಲ್ಲ. ಉಣ್ಣೆಯ ಮೇಲೆ ಹೊಸ ತೆರಿಗೆ ಹಾಕಲು ರಾಜನಿಗೆ ಬೆಂಬಲವಾಗಿ ನಿಂತಿದ್ದ ಅವನು ೧೨೯೪ರಲ್ಲಿ ಉಣ್ಣೆಯ ಹಡಗಿನೊಡನೆ ಮುಳುಗಿ ಸತ್ತನು. ಉಣ್ಣೆಯವರ ಶಾಪ ತಟ್ಟಿತೆಂದು ಅಂದಿನವರು ಆಡಿಕೊಂಡರು.

ಮತ್ತೆ ಚೌಕಕ್ಕೆ

ಸಂಜೆ ರೈಲಿಗೆ ಮುಂಚೆ ಇನ್ನೊಮ್ಮೆ ಸಂತೆಯ ಚೌಕಕ್ಕೆ ಬನ್ನಿ. ಅಂಗಡಿಯವರು ಬಟ್ಟೆಯ ಚಾವಣಿ ಮಡಿಸುತ್ತಿರುತ್ತಾರೆ. ಬೆಳಿಗ್ಗೆ ಜೊತೆಗೆ ತಂದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕೋಟೆ ಇಲ್ಲದಿದ್ದರೆ ಈ ಊರು ಹುಟ್ಟುತ್ತಿರಲಿಲ್ಲ. ಆದರೆ ಹುಟ್ಟಿಸಿದ್ದು ಬೇರೆ, ಸಾಕಿದ್ದು ಬೇರೆ. ದೊರೆಗಳು ಬಂದರು, ಹೋದರು. ಕಚೇರಿ ಬಂದಿತು, ಹೋಯಿತು. ಉಣ್ಣೆಯ ವ್ಯಾಪಾರ ಇಳಿದಾಗ ಜನರು ಕೈಗವಸು ಹೊಲಿದರು. ಅದು ನಿಂತಾಗ ಮತ್ತೊಂದನ್ನು ಹಿಡಿದರು. ಹಳ್ಳಿಯವನು ತಂದು ಮಾರುವ, ಊರಿನವನು ಕೊಂಡು ಒಯ್ಯುವ ಕೆಲಸ ಮಾತ್ರ ಇದೇ ಬಯಲಿನ ಸುತ್ತ ನಡೆದುಬಂದಿತು.

ಈಗಿನ ಸಂಗತಿ ಇನ್ನೂ ಸ್ವಾರಸ್ಯ. ಸುತ್ತಮುತ್ತ ಬೆಳೆದದ್ದನ್ನು, ಮಾಡಿದ್ದನ್ನು ಮಾರುವ ಆಹಾರ ಮೇಳವೊಂದು ೧೯೯೫ರಲ್ಲಿ ಇಲ್ಲಿ ಆರಂಭವಾಯಿತು. ಸೆಪ್ಟೆಂಬರಿನಲ್ಲಿ ಕೂಡುವ ಆ ಮೇಳದ ಅಂಗಡಿಗಳು ನಿಲ್ಲುವುದು ಕೋಟೆಯ ಹೊರ ಅಂಗಳದ ಹುಲ್ಲಿನ ಮೇಲೆ. ಒಂದು ಕಾಲಕ್ಕೆ ಬಾಗಿಲಿನ ಹೊರಗೆ ಕೈಮುಗಿದು ನಿಂತಿದ್ದ ಸಂತೆ, ಈಗ ಬಾಗಿಲು ದಾಟಿ ಒಳಗೆ ಹೋಗಿದೆ.

ಇಂಗ್ಲೆಂಡಿಗೆ ಹೋಗುವ ಬಂಧುಗಳು ನಿಮ್ಮಲ್ಲಿದ್ದರೆ ಲಡ್ಲೋದ ಹೆಸರನ್ನು ಗುರುತು ಹಾಕಿಕೊಡಿ. ಹೋಗುವವರು ಇಲ್ಲದಿದ್ದರೂ ಚಿಂತೆಯಿಲ್ಲ. ನಿಮ್ಮ ಹತ್ತಿರದ ಸಂತೆಗೆ ಮುಂದಿನ ಸಲ ಚೀಲ ಹಿಡಿದು ಹೋದಾಗ, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತದ್ದನ್ನು ನೋಡಿ, ಆ ದೂರದ ಚರ್ಚಿನ ಪೀಠದಡಿಯ ಕೆತ್ತನೆಯನ್ನು ಒಮ್ಮೆ ನೆನೆಸಿಕೊಂಡರೆ ಈ ಪ್ರಯಾಣ ಸಾರ್ಥಕವಾದಂತೆ.